ಕ್ಯಾಂಪಿಂಗ್ ವಾಹನದ ಕಿರು ಮಾರ್ಪಾಡುಗಳು

ಡಾಂಬರು ರಸ್ತೆ ಮುಗಿದ ಮೇಲೂ ಸಾಗಿ, ರಾತ್ರಿ ತಂಗುವುದಕ್ಕೂ ಒದಗುವ ಫೋರ್‌ ವೀಲ್‌ ಡ್ರೈವ್‌ ವಾಹನಕ್ಕೆ ಮಾಲೀಕರು ತಾವೇ ಅಥವಾ ಊರಿನ ಗ್ಯಾರೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿಸಿಕೊಳ್ಳುವ ಬದಲಾವಣೆಗಳು. ಎಂಜಿನ್, ಚಾಸಿ, ಸಸ್ಪೆನ್ಷನ್‌ಗಳ ಮೂಲ ರಚನೆಯನ್ನು ಇವು ಮುಟ್ಟುವುದಿಲ್ಲ. ಭಾರತದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಒಳಗಾದವು ಮಾರುತಿ ಜಿಪ್ಸಿ (1985), ಮಹೀಂದ್ರ ಥಾರ್ (2010, ಹೊಸ ರೂಪ 2020) ಮತ್ತು ಐದು ಬಾಗಿಲಿನ ಜಿಮ್ನಿ (2023).

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪ್ ಈ ವಾಹನಗಳ ಮೂಲ. 1948ರಲ್ಲಿ ಬ್ರಿಟನ್ನಿನ ಲ್ಯಾಂಡ್ ರೋವರ್ ಬಂತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿದ್ಯಾರ್ಥಿಗಳು 1955-56ರಲ್ಲಿ ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ನಿನಿಂದ ಸಿಂಗಪುರದವರೆಗೆ ಹೋದದ್ದು ದೂರ ಪ್ರಯಾಣದ ಹವ್ಯಾಸಕ್ಕೆ ಹುರುಪು ಕೊಟ್ಟಿತು. ಕರ್ನಾಟಕದಲ್ಲಿ ಜೀಪು ಮೊದಲಿಗೆ ಹವ್ಯಾಸದ ವಸ್ತುವಾಗಿರಲಿಲ್ಲ, ಕಾಫಿ ತೋಟದ ದುಡಿಮೆಗಾರನಾಗಿತ್ತು. ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತಿ ಕೆಸರು ಹಾಯುವ ಮಲೆನಾಡಿನ ರೂಢಿ, ಅಗ್ಗದ ಮಾರ್ಪಾಡಿನ ಅತ್ಯುತ್ತಮ ಮಾದರಿ ಎನ್ನಬಹುದು.

ಹವ್ಯಾಸಿಗಳ ಹಣ ಸಾಮಾನ್ಯವಾಗಿ ಮೊದಲು ಹೋಗುವುದು ಕಣ್ಣಿಗೆ ಕಾಣುವ ಭಾಗಗಳಿಗೆ: ದಪ್ಪ ಟೈರು, ಚಾವಣಿಯ ದೀಪದ ಸಾಲು, ಮುಂದಿನ ಉಕ್ಕಿನ ಗಾರ್ಡು. ಕಾಡುದಾರಿಯಲ್ಲಿ ಕೈ ಹಿಡಿಯುವವು ಬಹುಪಾಲು ಹೊರಗೆ ಕಾಣದವು. ಇದಕ್ಕೆ ಒಳ್ಳೆಯ ಸಾಕ್ಷಿ ಆಕ್ಸಲ್ಲಿನ ಬ್ರೀದರ್.

ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಓಡುತ್ತ ಓಡುತ್ತ ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಹೋಗಲು ಆಕ್ಸಲ್ ಕವಚದ ಮೇಲೆ ಬೆರಳ ತುದಿಯಷ್ಟು ಗಾತ್ರದ ಒಂದು ಬಾಯಿ ಇರುತ್ತದೆ, ಅದೇ ಬ್ರೀದರ್. ಹೀಗೆ ಕಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬ್ರೀದರ್ ನೀರಿನಡಿಯಲ್ಲಿದ್ದರೆ, ಅಥವಾ ಮಣ್ಣು ಕಟ್ಟಿಕೊಂಡಿದ್ದರೆ, ಬ್ರೀದರ್ ಮೂಲಕವೋ ಆಯಿಲ್ ಸೀಲುಗಳ ಸಂದಿಯಿಂದಲೋ ನೀರೇ ಒಳಗೆ ಹೋಗುತ್ತದೆ. ನೀರು ಬೆರೆತ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಗಮನಿಸದೆ ಓಡಿಸಿದರೆ ಬೇರಿಂಗು ಹಾಳಾಗುವುದು ನಿಶ್ಚಿತ. ಪರಿಹಾರ ಸರಳ: ಬ್ರೀದರಿನ ಬಾಯಿಗೆ ಎಣ್ಣೆ ತಡೆಯುವ ರಬ್ಬರ್ ನಳಿಕೆ ಸಿಕ್ಕಿಸಿ, ಕ್ಲಿಪ್ಪು ಬಿಗಿದು, ಮುಂದಿನದನ್ನು ಬಾನೆಟ್ಟಿನ ಕೆಳಗಿನ ಎತ್ತರದ ಜಾಗಕ್ಕೂ ಹಿಂದಿನದನ್ನು ಹಿಂದೀಪದ ಎತ್ತರಕ್ಕೂ ಒಯ್ಯುವುದು. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ನಳಿಕೆಯನ್ನು ತುಸು ಸಡಿಲವಾಗಿ ಬಿಡಬೇಕು. ಖರ್ಚು ಕೆಲವು ನೂರು ರೂಪಾಯಿ, ಅರ್ಧ ದಿನದ ಕೆಲಸ. ಕೆಲವು ವಾಹನಗಳಲ್ಲಿ ತಯಾರಕರೇ ನಳಿಕೆಯನ್ನು ಎತ್ತರಕ್ಕೆ ಒಯ್ದಿರುತ್ತಾರೆ. ಮೊದಲು ವಾಹನದಡಿ ಮಲಗಿ ನೋಡುವುದು ಲೇಸು.

ಏನನ್ನೂ ಬದಲಿಸದೆ ಆಗುವ ಸುಧಾರಣೆ ಟೈರಿನ ಗಾಳಿಯದು. ರಸ್ತೆಯ ಮೇಲೆ 30 ಪಿಎಸ್‌ಐ ಆಸುಪಾಸಿನಲ್ಲಿರುವ ಗಾಳಿಯನ್ನು ಮರಳಿನಲ್ಲಿ 18-20ಕ್ಕೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಒತ್ತಿಕೊಂಡು, ಹೂಳುವ ಬದಲು ತೇಲಿದಂತೆ ಸಾಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ಇಳಿಸಿದ್ದನ್ನು ಮತ್ತೆ ತುಂಬಿಯೇ ಡಾಂಬರು ಹತ್ತಬೇಕಾದ್ದರಿಂದ ಗೇಜು ಮತ್ತು 12 ವೋಲ್ಟಿನ ಪಂಪು ಜೊತೆಗಿರಲೇಬೇಕು. ದೊಡ್ಡ ಪಂಪನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸು ಹೋಗುತ್ತದೆ. ಅದಕ್ಕೆ ಬ್ಯಾಟರಿಯಿಂದಲೇ ನೇರ ಸಂಪರ್ಕ ಕೊಡುವುದು ಸರಿ.

ವಾಹನದ ಫ್ರಿಜ್ಜು ನಡುರಾತ್ರಿ ಕೆಟ್ಟಿತೆಂದು ದೂರುವವರಲ್ಲಿ ಅನೇಕರದು ಫ್ರಿಜ್ಜಿನ ದೋಷವಲ್ಲ, ವೈರಿನ ದೋಷ. ಕಂಪ್ರೆಸರ್ ಇರುವ ಸಣ್ಣ ಫ್ರಿಜ್ಜು ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಬ್ಯಾಟರಿಯಿಂದ ಡಿಕ್ಕಿಗೆ 4 ಮೀಟರ್, ಹೋಗಿ ಬರುವ ತಂತಿ ಸೇರಿ 8 ಮೀಟರ್. ಮನೆಯ ದೀಪಕ್ಕೆ ಬಳಸುವಂಥ 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಸುಮಾರು 0.37 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಅರ್ಧ ಖಾಲಿಯಾದ ಲೆಡ್ ಬ್ಯಾಟರಿಯ 12.2 ವೋಲ್ಟು ಫ್ರಿಜ್ಜಿಗೆ 11.8 ಆಗಿ ತಲುಪುತ್ತದೆ. ಬ್ಯಾಟರಿ ಖಾಲಿಯಾಯಿತೆಂದು ಭಾವಿಸಿ ಫ್ರಿಜ್ಜು ತಾನೇ ನಿಂತುಬಿಡುತ್ತದೆ. 6 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ 0.1 ವೋಲ್ಟಿಗಿಂತಲೂ ಕಡಿಮೆ. ಹೀಗೆ ಎಳೆದ ಪ್ರತಿ ವೈರಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಫ್ಯೂಸು ಕಾಯುವುದು ಮುಖ್ಯವಾಗಿ ವೈರನ್ನು. ಫ್ಯೂಸಿಲ್ಲದ ವೈರು ಚಾಸಿಗೆ ಉಜ್ಜಿ ಸಿಪ್ಪೆ ಕಿತ್ತಿತೆಂದರೆ ಬೆಂಕಿಗೆ ಅಷ್ಟೇ ಸಾಕು.

ಫ್ರಿಜ್ಜಿಗೆಂದೇ ಇಡುವ ಎರಡನೆಯ ಬ್ಯಾಟರಿ ದುಬಾರಿ. ದಿನದ ಅರ್ಧ ಹೊತ್ತು ಓಡುವ ಇದೇ ಫ್ರಿಜ್ಜಿಗೆ ಹತ್ತಿರ ಹತ್ತಿರ 50 ಆಂಪಿಯರ್-ಅವರ್ ಬೇಕು, ಅಂದರೆ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯ ಅರ್ಧ. ವಾರಾಂತ್ಯದ ಎರಡು ರಾತ್ರಿಗೆ ಇಷ್ಟೆಲ್ಲ ಬೇಕೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ. ಮಂಜುಗಡ್ಡೆ ತುಂಬಿದ ಒಳ್ಳೆಯ ಐಸ್‌ಬಾಕ್ಸ್ ಸಾಕಾಗುತ್ತದೆ. ಬೆಳಕಿಗೆ ಒಂದೆರಡು ಎಲ್‌ಇಡಿ ಪಟ್ಟಿ ಸಾಕು. ಹಳದಿ ಛಾಯೆಯವಾದರೆ ಹುಳು ಮುತ್ತುವುದೂ ಕಡಿಮೆ.

ಮಲಗುವ ವ್ಯವಸ್ಥೆಯಲ್ಲಿ ಒಂದಿಷ್ಟು ಜಾಣತನ ಬಹಳ ಹಣ ಉಳಿಸುತ್ತದೆ. ಜಿಮ್ನಿಯ ಮುಂದಿನ ಸೀಟುಗಳ ಹೆಡ್‌ರೆಸ್ಟ್ ತೆಗೆದು ಹಿಂದಕ್ಕೆ ಒರಗಿಸಿದರೆ ಹಿಂದಿನ ಸೀಟಿಗೆ ಹೆಚ್ಚುಕಡಿಮೆ ಸಮವಾಗುತ್ತವೆ. ತಗ್ಗುಗಳಿಗೆ ಫೋಮ್ ತುಂಡು ತುಂಬಿದರೆ ಹಾಸಿಗೆ ಸಿದ್ಧ. ಡಿಕ್ಕಿಯಲ್ಲಿ ಪ್ಲೈವುಡ್ಡಿನ ಮಣೆ ಮಾಡಿಸುವವರು ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಬೇಕು. ಅಗ್ಗದ ಪ್ಲೈ ಮಲೆನಾಡಿನ ಒಂದು ಮಳೆಗಾಲಕ್ಕೆ ಪದರ ಬಿಡುತ್ತದೆ. ಮಣೆಯನ್ನು ಚಾಸಿಗೆ ಭದ್ರವಾಗಿ ಕಟ್ಟದಿದ್ದರೆ ಬ್ರೇಕು ಹಾಕಿದಾಗ ಅದು ಸೀಟಿನ ಬೆನ್ನಿಗೇ ಬಂದು ಬಡಿಯುತ್ತದೆ. ಕಿಟಕಿ ಪೂರ್ತಿ ಮುಚ್ಚಿ ಮಲಗಿದರೆ ಬೆಳಗಿನ ಹೊತ್ತಿಗೆ ಗಾಜೆಲ್ಲ ಬೆವರಿರುತ್ತದೆ. ಬಾಗಿಲ ಮೇಲೆ ಮಳೆ ತಡೆಯುವ ಪಟ್ಟಿ, ಬಾಗಿಲ ಚೌಕಟ್ಟಿಗೆ ಅಯಸ್ಕಾಂತದಿಂದ ಅಂಟುವ ಸೊಳ್ಳೆಪರದೆ ಇದ್ದರೆ ಎರಡು ಬೆರಳು ಕಿಟಕಿ ತೆರೆದಿಡಬಹುದು. ಎಂಜಿನ್ ಚಾಲೂ ಇಟ್ಟು ಮಲಗುವುದು, ಮುಚ್ಚಿದ ವಾಹನದೊಳಗೆ ಒಲೆ ಹೊತ್ತಿಸುವುದು ಎರಡೂ ಕಾರ್ಬನ್ ಮಾನಾಕ್ಸೈಡಿನಿಂದ ಪ್ರಾಣಕ್ಕೆರವು.

ನೀರಿಗೆ ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಪರಿಹಾರವಿದೆ. 110 ಮಿಲಿಮೀಟರಿನ ಪಿವಿಸಿ ಪೈಪು ಒಂದೂವರೆ ಮೀಟರ್ ಕತ್ತರಿಸಿ, ಎರಡೂ ತುದಿ ಮುಚ್ಚಿ, ನಲ್ಲಿ ಕೂರಿಸಿ ಕಪ್ಪು ಬಣ್ಣ ಬಳಿದು ಚಾವಣಿಯ ಕಂಬಿಗೆ ಕಟ್ಟಿದರೆ ಸುಮಾರು 12 ಲೀಟರ್ ನೀರು ಬಿಸಿಲಿಗೆ ಕಾಯುತ್ತದೆ. ಮೈ ತೊಳೆಯಲು ಸಾಕು, ಕುಡಿಯಲು ಮಾತ್ರ ಅಲ್ಲ. ಚಾವಣಿಯ ಮೇಲೆ ಎಷ್ಟು ಭಾರ ಹೇರಬಹುದೆಂಬುದು ವಾಹನದ ಕೈಪಿಡಿಯಲ್ಲಿದೆ. ಗುಡಾರ, ಜೆರಿಕ್ಯಾನ್, ಹೆಚ್ಚುವರಿ ಸ್ಟೆಪ್ನಿ ಎಲ್ಲವನ್ನೂ ಅಲ್ಲಿಗೇ ಏರಿಸುವ ಹುಕಿ ವಾಹನವನ್ನು ಪಕ್ಕಕ್ಕೆ ಉರುಳಿಸುತ್ತದೆ.

ಸಿಕ್ಕಿಬಿದ್ದಾಗ ಎಳೆಯಲು ಚಾಸಿಗೆ ಬೋಲ್ಟು ಮಾಡಿದ, ಭಾರದ ಅಳತೆ ನಮೂದಿಸಿದ ಕೊಂಡಿ ಬೇಕು. ಟ್ರೇಲರ್ ಕಟ್ಟುವ ಗುಂಡಿಗೆ ಹಿಗ್ಗುವ ನೈಲಾನ್ ಪಟ್ಟಿ ಸಿಕ್ಕಿಸಿ ಎಳೆದರೆ ಆ ಗುಂಡೇ ಕಿತ್ತು ಕೋವಿಯ ಗುಂಡಿನಂತೆ ಹಾರಬಹುದು. ಹೀಗೆ ಜನ ಸತ್ತಿದ್ದಾರೆ. ಇಲ್ಲಿ ಉಳಿತಾಯ ಸಲ್ಲದು.

ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮಬಾಹಿರವಾದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ವಿಧಿಸಬಹುದು. ಮುಂಭಾಗದ ಉಕ್ಕಿನ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿತ್ತು. ಬಿಚ್ಚಿ ತೆಗೆಯಬಹುದಾದ ಹಾಸಿಗೆ, ಪರದೆ, ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ತೊಡಕಿಲ್ಲ. ಹೊಸ ವಾಹನದ ಮೂಲ ವೈರಿಂಗ್ ಕತ್ತರಿಸಿದರೆ ವಾರಂಟಿ ಕೈತಪ್ಪಬಹುದು. ವಾಹನ ಎಷ್ಟೇ ಸಜ್ಜಾಗಿದ್ದರೂ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಪ್ರವೇಶಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಪರಾಧ.