ಚಿತ್ರ ಬರೆದವರು ಯಾರು?

ಹೋದ ವರುಷ ನಮ್ಮ ಕಾಲೇಜಿನ ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ನಾನೊಂದು ಕೆಲಸ ಹಚ್ಚಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆಯ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಅವರು. ಮನೆಯ ಮಾಡದಲ್ಲೋ, ಅಜ್ಜನ ಟ್ರಂಕಿನಲ್ಲೋ, ಊರ ಶಾಲೆಯ ಕಪಾಟಿನಲ್ಲೋ ಉಳಿದಿರುವ ಹಳೆಯ ಮಕ್ಕಳ ಪುಸ್ತಕಗಳನ್ನು ತರಬೇಕು, ಎಲ್ಲರೂ ಕೂಡಿ ಒಂದು ಪಟ್ಟಿ ಮಾಡಬೇಕು, ಇಷ್ಟೇ ಕೆಲಸ. ಪುಸ್ತಕಗಳು ಬಂದವು. ರಟ್ಟು ಕಿತ್ತವು, ಇಲಿ ಕಡಿದವು, ಎಣ್ಣೆಯ ಬೆರಳು ಮೂಡಿದವು. ಒಂದೊಂದರ ಮೊದಲ ಹಾಳೆಯನ್ನು ನೋಡಿ ಬರೆದುಕೊಳ್ಳುತ್ತ ಹೋದೆವು. ಕವಿಯ ಹೆಸರಿತ್ತು, ಪ್ರಕಾಶಕರ ಹೆಸರಿತ್ತು, ಮುದ್ರಣಾಲಯದ ಹೆಸರಿತ್ತು. ಬೆಲೆಯಂತೂ ಇದ್ದೇ ಇತ್ತು. ಅರ್ಧ ಕೆಲಸವಾದ ಮೇಲೆ ಒಬ್ಬ ಹುಡುಗಿ, “ಸರ್, ಚಿತ್ರ ಬರೆದವರು ಯಾರ್ರಿ?” ಎಂದು ಕೇಳಿದಳು. ನಾನು ಗೆರೆ ಹಾಕಿ ಕೊಟ್ಟ ಪಟ್ಟಿಯಲ್ಲಿ ಆ ಅಂಕಣವೇ ಇರಲಿಲ್ಲ. ನಾಚಿಕೆಪಟ್ಟು ಹಾಕಿಸಿದೆ. ಹಾಕಿಸಿದ ಮೇಲೆಯೂ ಅದು ಬಹುಮಟ್ಟಿಗೆ ಬರಿದಾಗಿಯೇ ಉಳಿಯಿತು.

ಈ ಪ್ರಶ್ನೆ ಬೇರೆಲ್ಲಿಗಿಂತ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಏಳುವುದು ಹೆಚ್ಚು ಉಚಿತ. ಮಕ್ಕಳ ಕವಿತೆಗೆ ಇದು ತವರು ಎಂದು ಹೇಳಲಡ್ಡಿಯಿಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗ ತಾಯಂದಿರ ನಾಲಗೆಯ ಮೇಲಿದ್ದ ಕೂಸಿನ ಹಾಡುಗಳು ಕಾಗದಕ್ಕೆ ಇಳಿದವು. ಆಮೇಲಿನ ತಲೆಮಾರಿನಲ್ಲಿ ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಶಿಶು ಸಂಗಮೇಶ, ಸಿಂದಗಿಯ ಹ. ಮ. ಪೂಜಾರ ಮೊದಲಾದವರು ಮಕ್ಕಳಿಗಾಗಿಯೇ ಬರೆದರು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನು ಕೊಡುತ್ತಿದೆ. 2018ರಲ್ಲಿ ಅದು ಕಂಚ್ಯಾಣಿ ಶರಣಪ್ಪನವರ ಒಟ್ಟು ಸೇವೆಗೆ ಸಂದಿತು. ನಾವೆಲ್ಲ ಹಿಗ್ಗಿದೆವು, ಹಿಗ್ಗಬೇಕಾದದ್ದೇ. ಆದರೆ ಈ ಪುರಸ್ಕಾರ ಬರೆದವರಿಗೆ ಮಾತ್ರ. ಇನ್ನೂ ಓದಲು ಬಾರದ ನಾಲ್ಕು ವರುಷದ ಮಗು ಪುಸ್ತಕದಲ್ಲಿ ಮೊದಲು ನೋಡುವುದು ಏನನ್ನು? ಅದರ ಮಟ್ಟಿಗೆ ಪುಸ್ತಕವೆಂದರೆ ಚಿತ್ರವೇ. ಆ ಚಿತ್ರವನ್ನು ಬರೆದ ಕೈ ಯಾವ ಪಟ್ಟಿಗೂ ಸೇರುವುದಿಲ್ಲ.

ಇದು ನಮ್ಮವರ ದೋಷವೊಂದೇ ಎಂದು ತಿಳಿಯಬೇಕಾಗಿಲ್ಲ. ಪಶ್ಚಿಮದವರೂ ಈ ವಿಷಯದಲ್ಲಿ ತಡವಾಗಿಯೇ ಕಣ್ಣು ತೆರೆದರು. ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ನ್ಯೂಬೆರಿ ಪದಕ ಮೊದಲು ಸಂದದ್ದು 1922ರಲ್ಲಿ. ಅದರ ಕಲ್ಪನೆ ಫ್ರೆಡರಿಕ್ ಮೆಲ್ಚರ್ ಎಂಬವರದು. ಬರೆದವರಿಗೆ ಪದಕ ಕೊಟ್ಟು ಚಿತ್ರಕಾರರನ್ನು ಹೊರಗೆ ನಿಲ್ಲಿಸಿದ್ದೇವೆ ಎಂಬುದು ಅವರಿಗೇ ಆಮೇಲೆ ಹೊಳೆದು, ಚಿತ್ರಪುಸ್ತಕದ ಕಲಾವಿದರಿಗೆಂದೇ ಕಾಲ್ಡೆಕಾಟ್ ಪದಕವನ್ನು ಸೂಚಿಸಿದರು. ಅದು 1938ರಲ್ಲಿ ಡೊರೊತಿ ಲೇಥ್ರಪ್ ಎಂಬ ಚಿತ್ರಗಾರ್ತಿಗೆ ಮೊದಲು ದೊರೆಯಿತು. ನಡುವೆ ಹದಿನಾರು ವರುಷ. ರ‍್ಯಾಂಡಾಲ್ಫ್ ಕಾಲ್ಡೆಕಾಟ್ ಇಂಗ್ಲೆಂಡಿನವನು, 1886ರಲ್ಲಿಯೇ ತೀರಿಕೊಂಡಿದ್ದ. ಅವನು 1878ರಲ್ಲಿ ಬರೆದ ಜಾನ್ ಗಿಲ್ಪಿನ್ನನ ಚಿತ್ರವನ್ನೇ ಪದಕದ ಮೇಲೆ ಕೆತ್ತಿದ್ದಾರೆ. ಕುದುರೆ ಓಟ ಕಿತ್ತಿದೆ, ಸವಾರ ಅದರ ಕೊರಳನ್ನು ಅಪ್ಪಿಕೊಂಡಿದ್ದಾನೆ, ಕಾಲಡಿಯಲ್ಲಿ ಬಾತುಕೋಳಿಗಳು ದಿಕ್ಕಾಪಾಲು. ಓಡುವುದನ್ನು ನಿಂತ ಗೆರೆಯಲ್ಲಿ ತೋರಿಸುವ ವಿದ್ಯೆ ಅವನದು.

ಇಂಗ್ಲೆಂಡಿನ ಕತೆಯೂ ಹೀಗೆಯೇ. ಬರಹಕ್ಕೆ ಕಾರ್ನೆಗಿ ಪದಕ 1936ರಿಂದ; ಚಿತ್ರಕ್ಕೆ ಕೇಟ್ ಗ್ರೀನ್‌ಅವೇ ಪದಕ 1955ರಿಂದ. ಆ ಮೊದಲ ವರುಷ ಯೋಗ್ಯವಾದ ಪುಸ್ತಕವಿಲ್ಲವೆಂದು ಯಾರಿಗೂ ಕೊಡಲಿಲ್ಲ; 1956ರ ಪುಸ್ತಕಕ್ಕಾಗಿ ಎಡ್ವರ್ಡ್ ಆರ್ಡಿಜೋನ್ ಅದನ್ನು ಪಡೆದ. ಕೇಟ್ ಗ್ರೀನ್‌ಅವೇ ನಮಗೆ ತೀರ ದೂರದವಳಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲವಾದ ಬ್ರೌನಿಂಗ್ ಕವಿಯ ಕಥನಕವನಕ್ಕೆ 1888ರಲ್ಲಿ ಚಿತ್ರ ಬರೆದವಳು ಅವಳೇ. ಆ ಪುಸ್ತಕದಲ್ಲಿ ಜೋಗಿಯ ಬೆನ್ನು ಹತ್ತಿದ ಮಕ್ಕಳು ಹೂಬಿಟ್ಟ ಮರದ ಸುತ್ತ ಕುಣಿಯುವ ಚಿತ್ರವೊಂದಿದೆ. ಮಕ್ಕಳು ಕಳೆದುಹೋದರೆಂದು ಊರು ಅಳುತ್ತದೆ. ಚಿತ್ರ ಮಾತ್ರ ಅವರು ಸುಖವಾಗಿದ್ದಾರೆ ಎನ್ನುತ್ತದೆ. ಇದೇ ಗ್ರೀನ್‌ಅವೇಯ ಹೆಸರನ್ನು 2022ರಲ್ಲಿ ಪದಕದಿಂದ ತೆಗೆದು, ಬರಹದ ಪದಕದಂತೆ ಅದಕ್ಕೂ ಕಾರ್ನೆಗಿಯ ಹೆಸರನ್ನೇ ಇಟ್ಟರು. ಚಿತ್ರಗಾರರ ಹಣೆಬರಹ ಎಲ್ಲೆಡೆಯೂ ಒಂದೇ ಎಂದು ನನ್ನಂಥವನಿಗೆ ಅನ್ನಿಸಿದರೆ ತಪ್ಪೇನು?

ಪದಕದ ಮಾತು ಸಾಕು. ಪದಕ ಪಡೆದ ಚಿತ್ರವನ್ನು ನೋಡುವುದು ಹೇಗೆ ಎಂಬುದು ಇದಕ್ಕಿಂತ ಮುಖ್ಯ. ನಾನು ಕನ್ನಡ ಕಲಿಸುವವನು, ಕಲಾವಿಮರ್ಶಕನಲ್ಲ. ಆದರೂ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಒಮ್ಮೆ ನನಗೆ ಪಾಠ ಹೇಳಿದ. ಮಾರಿಸ್ ಸೆಂಡಾಕ್ ಎಂಬ ಅಮೆರಿಕದ ಚಿತ್ರಕಾರನ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ 1963ರಲ್ಲಿ ಪ್ರಕಟವಾಗಿ ಮರುವರುಷ ಕಾಲ್ಡೆಕಾಟ್ ಪದಕ ಪಡೆದ ಪುಸ್ತಕ. ತಂಟೆಕೋರ ಹುಡುಗನೊಬ್ಬ ಊಟವಿಲ್ಲದೆ ಕೋಣೆಗೆ ತಳ್ಳಲ್ಪಡುತ್ತಾನೆ, ಕೋಣೆಯೇ ಕಾಡಾಗುತ್ತದೆ, ಹಡಗೇರಿ ಹೋಗಿ ಘೋರ ಮೃಗಗಳಿಗೆ ರಾಜನಾಗಿ ತಿರುಗಿ ಬರುತ್ತಾನೆ. ನಾನು ಕತೆ ಓದುತ್ತಿದ್ದೆ. ಹುಡುಗ, “ಮಾಮಾ, ಚಿತ್ರ ದೊಡ್ಡದಾಗ್ತಾ ಇದೆ ನೋಡು” ಎಂದ. ನಿಜ! ಮೊದಲ ಪುಟದಲ್ಲಿ ಅಂಗೈಯಗಲದ ಚಿತ್ರ, ಸುತ್ತಲೂ ಬಿಳಿ ಅಂಚು. ಹಾಳೆ ಮಗುಚಿದಂತೆ ಅಂಚು ಕರಗುತ್ತದೆ, ಚಿತ್ರ ಹಿಗ್ಗುತ್ತದೆ. ಮೃಗಗಳ ಜೊತೆ ಹುಡುಗ ಕುಣಿಯುವಾಗ ಎರಡೂ ಪುಟವನ್ನು ಚಿತ್ರವೇ ನುಂಗಿ, ಅಕ್ಷರಕ್ಕೆ ಜಾಗವೇ ಇಲ್ಲ. ಮನೆಯ ನೆನಪಾದೊಡನೆ ಚಿತ್ರ ಮತ್ತೆ ಹಿಂಜರಿಯುತ್ತದೆ. ಕೊನೆಯ ಪುಟದಲ್ಲಿ ಚಿತ್ರವಿಲ್ಲ, ನಾಲ್ಕಾರು ಮಾತು ಮಾತ್ರ. ಹುಡುಗನ ಸಿಟ್ಟು ಏರಿ ಇಳಿದದ್ದನ್ನು ಅಂಚಿನ ಅಗಲವೇ ಹೇಳಿಬಿಟ್ಟಿತು. ಓದು ಬಲ್ಲ ನಾನು ಅದನ್ನು ಕಂಡಿರಲಿಲ್ಲ. ಓದು ಬಾರದವನು ಕಂಡಿದ್ದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. 1963ರ ಕಾಲ್ಡೆಕಾಟ್ ಪದಕ ಎಜ್ರಾ ಜ್ಯಾಕ್ ಕೀಟ್ಸ್ ಎಂಬವನ ‘ದ ಸ್ನೋಯಿ ಡೇ’ಗೆ ಸಂದಿತು. ಕರಿಯ ಬಾಲಕನೊಬ್ಬ ಕೆಂಪು ಅಂಗಿ ತೊಟ್ಟು ಹಿಮದಲ್ಲಿ ಆಡುತ್ತಾನೆ, ಇಷ್ಟೇ ಅದರ ಕತೆ. ಆದರೆ ಅಮೆರಿಕದ ಕರಿಯ ಮಕ್ಕಳಿಗೆ ಅಂದಿನವರೆಗೆ ಪುಸ್ತಕದಲ್ಲಿ ತಮ್ಮ ಮುಖ ಸಿಗುವುದು ಅಪರೂಪವಾಗಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಮಾಳಿಗೆ. ನಾನು ಕಂಡ ಪುಸ್ತಕಗಳಲ್ಲಿ ‘ಮನೆ’ ಎಂಬಲ್ಲಿ ಇಳಿಜಾರು ಹೆಂಚಿನ ಮನೆಯ ಚಿತ್ರ, ಪಕ್ಕದಲ್ಲಿ ತೆಂಗಿನ ಮರ. ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮೇಲ್ಮುದ್ದೆ; ಅಂಗಳದಲ್ಲಿ ಬೇವು, ಹೊಲದ ಬದುವಿಗೆ ಜಾಲಿ. ಚಿತ್ರದ ಮನೆಯ ಮೇಲೆ ಹಪ್ಪಳ ಒಣಗಿಸುವುದು ಹೇಗೆ, ಬೇಸಿಗೆಯಲ್ಲಿ ಮಲಗುವುದು ಹೇಗೆ ಎಂದು ನಾನು ಅವ್ವನನ್ನು ಕೇಳಿದ್ದುಂಟು. “ಅದು ಶ್ರೀಮಂತರ ಮನಿ ಇರಬೇಕು” ಎಂದಿದ್ದಳು.

ಆದ್ದರಿಂದಲೇ ಒಂದು ಪುಸ್ತಕ ನನ್ನ ಮನಸ್ಸಿನಲ್ಲಿ ಉಳಿಯಿತು. ಸಿಂದಗಿಯಲ್ಲಿ ನಾನು ಓದುತ್ತಿದ್ದ ಕಾಲಕ್ಕೆ ಕೈಗೆ ಬಂದ ತೆಳ್ಳನೆಯ ಪದ್ಯಪುಸ್ತಕ. ಅದರಲ್ಲಿ ಆಡು ಮೇಯಿಸುವ ಹುಡುಗಿಯ ಮೇಲೆ ಒಂದು ಪದ್ಯ. ಎದುರು ಪುಟದಲ್ಲಿ ಚಿತ್ರ. ಹುಡುಗಿ, ಆಡು, ಹಿಂದೆ ಒಂದು ಮನೆ. ಮಾಳಿಗೆಯ ಮನೆ! ಅದರ ಕಿಟಕಿಯ ಕಟ್ಟೆಯ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ ಇಟ್ಟ ಜೋಡೆತ್ತು. ಒಂದರ ಕೋಡು ಮುರಿದಿದೆ. ಪದ್ಯದಲ್ಲಿ ಎತ್ತಿನ ಸುದ್ದಿಯೇ ಇಲ್ಲ. ಹಬ್ಬ ಆಗಿಹೋಗಿದೆ, ಮಳೆ ಹಿಡಿಯಬೇಕು, ಈ ಮನೆಯಲ್ಲಿ ಇನ್ನೂ ಸಣ್ಣ ಮಕ್ಕಳಿದ್ದಾರೆ ಎಂಬ ಇಷ್ಟೆಲ್ಲವನ್ನೂ ಆ ಮುರಿದ ಕೋಡು ಹೇಳುತ್ತಿತ್ತು. ಚಿತ್ರವು ಪದ್ಯದ ನೆರಳಲ್ಲ, ಪದ್ಯ ಬಿಟ್ಟದ್ದನ್ನು ಅದು ಹೇಳಬಲ್ಲದು ಎನ್ನುವುದಕ್ಕೆ ನಾನು ತರಗತಿಯಲ್ಲಿ ಹತ್ತಾರು ವರುಷಗಳಿಂದ ಕೊಡುತ್ತ ಬಂದ ಉದಾಹರಣೆ ಇದೇ. ಪುಸ್ತಕದಲ್ಲಿ ಚಿತ್ರಕಾರನ ಹೆಸರಿಲ್ಲ. ಮೂಲೆಯಲ್ಲಿ ಎರಡು ಅಕ್ಷರದ ರುಜು ಮಾತ್ರ. ಅದೇ ಎರಡಕ್ಷರ ನಮ್ಮ ಶಾಲೆಯ ಗೋಡೆಯ ನಕಾಶೆಯ ಕೆಳಗೂ ಇದ್ದವು; ನಮ್ಮ ಡ್ರಾಯಿಂಗ್ ಮಾಸ್ತರರವು.

ಮೂಲೆಯ ಈ ರುಜುವಿಗೂ ಒಂದು ಚರಿತ್ರೆಯಿದೆ. ಮದರಾಸಿನಿಂದ ಬರುತ್ತಿದ್ದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂದಿತು. ಅದರ ಚಿತ್ರಕಾರರಲ್ಲಿ ಶಂಕರ್ ಎಂದು ಹೆಸರಾದ ಕೆ. ಸಿ. ಶಿವಶಂಕರನ್ ಒಬ್ಬರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆವ ವಿಕ್ರಮನನ್ನು ಮರೆತವರುಂಟೆ? ಆ ರಾಜ ನಮಗೆಲ್ಲ ಗೊತ್ತು. ಬರೆದವರ ಊರು ಕೇರಿ ಯಾರಿಗೂ ಬೇಡವಾಗಿತ್ತು. ಅವರು 2020ರಲ್ಲಿ ತೊಂಬತ್ತಾರರ ಹಣ್ಣುವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಘೋಷಣೆಯಾದದ್ದು 2021ರಲ್ಲಿ. ಪತ್ರಿಕೆ ಅದಕ್ಕೆ ಮೊದಲೇ ನಿಂತುಹೋಗಿತ್ತು.

‘ಚಂದಮಾಮ’ಕ್ಕೆ ಬಣ್ಣವಿತ್ತು, ದೊಡ್ಡ ಯಂತ್ರಗಳಿದ್ದವು. ನಮ್ಮ ಜಿಲ್ಲೆಯ ಪುಸ್ತಕಗಳಿಗೆ ಇದ್ದದ್ದು ಮೊಳೆಯಚ್ಚು ಮತ್ತು ಸತುವಿನ ಬ್ಲಾಕು. ಚಿತ್ರಕಾರ ಇಂಡಿಯನ್ ಇಂಕಿನಲ್ಲಿ ಬರೆದುಕೊಟ್ಟ ಚಿತ್ರದ ಫೋಟೋ ತೆಗೆದು, ಅದನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆಯಿಲ್ಲದ ಜಾಗವನ್ನು ಆಸಿಡ್ಡಿನಿಂದ ತಿನ್ನಿಸಬೇಕು. ಉಬ್ಬಿ ಉಳಿದ ಗೆರೆಗೆ ಮಸಿ ಹತ್ತುತ್ತದೆ. ತಗಡನ್ನು ಮರದ ತುಂಡಿಗೆ ಹೊಡೆದು ಮೊಳೆಗಳ ಎತ್ತರಕ್ಕೆ ತಂದು ಪುಟ ಕಟ್ಟಿದರೆ ಆಯಿತು. ತೆಳುವಾದ ಗೆರೆಯನ್ನು ಆಸಿಡ್ಡು ಉಳಿಸುವುದಿಲ್ಲ. ನೆರಳು ಬೇಕೆಂದರೆ ಗೆರೆಗಳನ್ನೇ ಹೆಣೆಯಬೇಕು. ಖರ್ಚಿನ ಬಾಬತ್ತೆಂದು ಒಂದೇ ಬ್ಲಾಕನ್ನು ಬೇರೆ ಬೇರೆ ಪುಸ್ತಕಗಳಿಗೆ ಬಳಸುವುದೂ ಇತ್ತು. ನಮ್ಮ ಪಟ್ಟಿಯಲ್ಲಿ ಒಂದೇ ಹುಲಿ ಒಂದು ಪುಸ್ತಕದಲ್ಲಿ ಪುಣ್ಯಕೋಟಿಯ ಎದುರು ನಿಂತು, ಇನ್ನೊಂದರಲ್ಲಿ ‘ಹ’ ಅಕ್ಷರಕ್ಕೆ ಕಾವಲಿತ್ತು. ಹೀಗೆ ಊರೂರು ತಿರುಗುವ ಬ್ಲಾಕಿಗೆ ಒಡೆಯ ಅಚ್ಚುಕೂಟದವನೇ ಹೊರತು ಬರೆದವನಲ್ಲ. ಹೆಸರು ಕಳೆದುಹೋದ ದಾರಿಗಳಲ್ಲಿ ಇದೊಂದು.

ಇನ್ನೂ ಹಳೆಯ ದಾರಿಯೊಂದಿದೆ, ಅದೂ ನಮ್ಮ ಜಿಲ್ಲೆಯದೇ. ಮಕ್ಕಳಿಗಾಗಿ ಅಚ್ಚಾದ ಮೊದಲ ಸಚಿತ್ರ ಪುಸ್ತಕಗಳಲ್ಲೊಂದೆಂದು ಹೆಸರಾದ ಕಮೇನಿಯಸ್ಸನ ‘ಆರ್ಬಿಸ್ ಪಿಕ್ಟಸ್’ ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1658ರಲ್ಲಿ ಹೊರಬಂದಾಗ, ಇಲ್ಲಿ ಮಹಮ್ಮದ್ ಆದಿಲ್‌ಶಹನು ಗೋಳಗುಮ್ಮಟದಲ್ಲಿ ಮಲಗಿ ಎರಡು ವರುಷವಾಗಿತ್ತಷ್ಟೆ. ಅದಕ್ಕೂ ಬಹಳ ಹಿಂದೆ, 1570ರಲ್ಲಿ, ವಿಜಾಪುರದಲ್ಲಿ ‘ನುಜೂಮ್ ಅಲ್ ಉಲೂಮ್’ ಎಂಬ ಜ್ಯೋತಿಷ್ಯ ಮುಂತಾದ ವಿದ್ಯೆಗಳ ಗ್ರಂಥ ನೂರಾರು ಚಿತ್ರಗಳೊಡನೆ ಸಿದ್ಧವಾಗಿತ್ತು. ಮಕ್ಕಳ ಪುಸ್ತಕವಲ್ಲ, ಅರಮನೆಯ ಪುಸ್ತಕ. ಅದು ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಲ್ಲಿಯೇ ಎರಡನೆಯ ಇಬ್ರಾಹಿಮ್ ಆದಿಲ್‌ಶಹನ ಕಾಲದ ಯೋಗಿನಿಯ ಚಿತ್ರವೂ ಇದೆ. ನೀಳವಾದ ನಿಲುವು, ಕೈಯ ಮೇಲೆ ಗೊರವಂಕ, ಅವಳೆತ್ತರಕ್ಕೆ ಬೆಳೆದ ಹೂಗಳು. ಬರೆದವನ ಹೆಸರು ಸಿಗದೆ ವಿದ್ವಾಂಸರು ಅವನನ್ನು ‘ಡಬ್ಲಿನ್ ಚಿತ್ರಕಾರ’ ಎಂದು ಕರೆದರು. ವಿಜಾಪುರದ ನೀರು ಕುಡಿದು ಚಿತ್ರ ಬರೆದವನಿಗೆ, ಅವನು ಕನಸಿನಲ್ಲಿಯೂ ಕಾಣದ ಊರಿನ ಹೆಸರು!

ಹೆಸರಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯುಂಟು. ಚೆನ್ನೈಯ ತಾರಾ ಬುಕ್ಸ್ ಪ್ರಕಟಿಸಿದ ‘ದ ನೈಟ್ ಲೈಫ್ ಆಫ್ ಟ್ರೀಸ್’ ಎಂಬುದು ಮಧ್ಯಪ್ರದೇಶದ ಗೊಂಡ ಕಲಾವಿದರ ಪುಸ್ತಕ. ಕಪ್ಪು ಕೈಗಾಗದದ ಮೇಲೆ ರೇಷ್ಮೆಯ ಜಾಲರಿಯಿಂದ ಒಂದೊಂದು ಬಣ್ಣವನ್ನೂ ಕೈಯಲ್ಲಿ ಒತ್ತಿದ್ದು. ರಾತ್ರಿಯಲ್ಲಿ ಮರಗಳು ತಮ್ಮೊಳಗಿನ ಹಾವು, ಜಿಂಕೆ, ಹಕ್ಕಿಗಳನ್ನು ಹೊರತೋರುತ್ತವೆ. ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಅದಕ್ಕೆ 2008ರಲ್ಲಿ ಪ್ರಶಸ್ತಿ ಬಂದಿತು. ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್‌ಸಿಂಗ್ ಊರ್ವೇತಿ ಎಂದು ಮೂವರ ಹೆಸರೂ ಪುಸ್ತಕದ ಮೇಲೆಯೇ ಇವೆ. ಗೋಡೆಯ ಮೇಲೆ ಬರೆಯುತ್ತಿದ್ದ ಕೈಗಳು ಅವು. ನಮ್ಮ ತಾಯಂದಿರು ಕಸೂತಿಯಲ್ಲಿ ತೇರು, ಆನೆ, ತುಳಸಿಕಟ್ಟೆ ತೆಗೆಯುತ್ತಿದ್ದರು. ಗಂಟು ಹಾಕದೆ, ಗವಂತಿಯ ಹೊಲಿಗೆ ಹಿಂದೆ ಮುಂದೆ ಒಂದೇ ಕಾಣುವಂತೆ. ಅದನ್ನೊಂದು ಮಕ್ಕಳ ಪುಸ್ತಕಕ್ಕೆ ಇಳಿಸಬಹುದೆಂದು ನಮಗೆ ಹೊಳೆಯಬೇಕಾಗಿದೆ.

ಪಟ್ಟಿ ಮುಗಿದ ಮೇಲೆ ಆ ಪದ್ಯಪುಸ್ತಕವನ್ನು ಎತ್ತಿಕೊಂಡು ಸಿಂದಗಿಗೆ ಹೋದೆ. ಮಾಸ್ತರರಿಗೆ ಎಂಬತ್ತು ದಾಟಿದೆ. ಕಣ್ಣಿಗೆ ದಪ್ಪ ಕನ್ನಡಕ. ಪುಟ ತೆರೆದು ಬೆಳಕಿಗೆ ಹಿಡಿದರು.

“ಇದು ಇನ್ನೂ ಅದ ಏನೋ ತಮ್ಮಾ?”

“ನಿಮ್ಮ ಹೆಸರು ಯಾಕ ಹಾಕಿಲ್ರಿ ಸರ್?”

“ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಹತ್ತು ಪುಸ್ತಕ ಕೊಟ್ಟಿದ್ರು. ಒಂಬತ್ತು ಮಂದಿ ಒಯ್ದರು, ಹತ್ತನೇದು ಮಳಿಗಾಲದಾಗ ತೊಯ್ದು ಹೋತು.”

ನಾನು ಮುರಿದ ಕೋಡಿನ ಮಾತು ತೆಗೆದೆ. ಎಷ್ಟು ವರುಷದಿಂದ ಅದನ್ನು ಹುಡುಗರಿಗೆ ಹೇಳುತ್ತ ಬಂದಿದ್ದೇನೆ ಎಂಬುದನ್ನೂ ಹೇಳಿದೆ. ಅವರು ಚಿತ್ರವನ್ನು ಮೂಗಿನ ಹತ್ತಿರ ಒಯ್ದು ನೋಡಿ, ನಗತೊಡಗಿದರು.

“ಕೋಡು ನಾ ಎಲ್ಲಿ ಮುರಿದೆನೋ? ಗೆರಿ ತೆಳ್ಳಗ ಆಗಿತ್ತು, ಬ್ಲಾಕಿನ್ಯಾಗ ತಿಂದು ಹೋಗ್ಯದ. ಎರಡೂ ಎತ್ತಿಗೆ ಕೋಡು ಇದ್ದವು.”

ಅಂಗಿಯ ಕಿಸೆಯಲ್ಲಿ ಸೀಸದಕಡ್ಡಿ ಇತ್ತು. ಅದನ್ನು ತೆಗೆದು, ನಡುಗುವ ಕೈಯನ್ನು ಎಡಗೈಯಿಂದ ಹಿಡಿದುಕೊಂಡು, ಎತ್ತಿಗೆ ಕೋಡು ಬರೆದು ಪುಸ್ತಕವನ್ನು ತಿರುಗಿ ಕೊಟ್ಟರು.