ಇದು ಸಂಖ್ಯೆಯೋ, ಬರೀ ಅಂಕೆಗಳೋ? ಸಿಎಸ್‌ವಿ ಓದುವ ಕೋಡ್ ನಡೆದುಬಂದ ದಾರಿ

ಕುಮಾರಸ್ವಾಮಿ ಲೇಔಟ್‌ನ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳ ಪಟ್ಟಿಯೊಂದು ಸಿಎಸ್‌ವಿ ಫೈಲಿನಲ್ಲಿದೆ ಎನ್ನೋಣ. 1ಡಿಎಸ್ ಎಂದು ಶುರುವಾಗುವ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ), ಇನಿಷಿಯಲ್, ಮನೆ ನಂಬರ್, 560078 ಎಂಬ ಪಿನ್‌ಕೋಡ್, ಹುಟ್ಟಿದ ದಿನಾಂಕ, ಕಟ್ಟಿದ ಫೀಸು. ಓದುವವರಿಗೆ ಇವು ಬೇರೆ ಬೇರೆ ಬಗೆಯವು. ಫೈಲಿಗೆ ಎಲ್ಲವೂ ಅಕ್ಷರಗಳೇ. ಯಾವ ಕಾಲಂನ ಟೈಪ್ ಏನು ಎಂದು ಯಾರು ತೀರ್ಮಾನಿಸಬೇಕು? ಐವತ್ತು ವರ್ಷಗಳಲ್ಲಿ ಇದಕ್ಕೆ ಸಿಕ್ಕ ಉತ್ತರಗಳು ಹಲವು.

1972ರಲ್ಲೇ ಐಬಿಎಂನ ಫೋರ್ಟ್ರಾನ್ ಕಂಪೈಲರ್ ಅಲ್ಪವಿರಾಮದಿಂದ ಬೇರ್ಪಟ್ಟ ಮೌಲ್ಯಗಳನ್ನು, ಅಂದರೆ ಸಿಎಸ್‌ವಿಯನ್ನು, ಓದುತ್ತಿತ್ತು. ಅಲ್ಲಿ ಗೊಂದಲವಿರಲಿಲ್ಲ: ವೇರಿಯಬಲ್‌ನ ಟೈಪ್ ಮೊದಲೇ ಗೊತ್ತಿರುತ್ತಿತ್ತು. ಊಹೆಯ ಕಾಲ ಶುರುವಾದದ್ದು ಸ್ಪ್ರೆಡ್‌ಶೀಟ್‌ಗಳಿಂದ. ಎಕ್ಸೆಲ್ 12/3 ಎಂಬ ಮನೆ ನಂಬರನ್ನು ದಿನಾಂಕ ಮಾಡುತ್ತದೆ, ಖಾತೆ ಸಂಖ್ಯೆಯ ಆರಂಭದ ಸೊನ್ನೆ ಅಳಿಸುತ್ತದೆ. ಸೆಪ್ಟ್1, ಮಾರ್ಚ್1 ಎಂಬ ಜೀನ್ ಹೆಸರುಗಳೂ ದಿನಾಂಕವಾಗುತ್ತಿದ್ದವು. ಕೊನೆಗೆ 2020ರಲ್ಲಿ ಬದಲಾದದ್ದು ಜೀನ್‌ಗಳ ಹೆಸರೇ. ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಸಿಎಸ್‌ವಿ ರೂಪವನ್ನು ವಿವರಿಸುವ 2005ರ ದಾಖಲೆ ಆರ್‌ಎಫ್‌ಸಿ 4180 ಉದ್ಧರಣ ಚಿಹ್ನೆ, ಸಾಲುಗಳ ನಿಯಮ ಹೇಳಿತು. ಟೈಪ್ ಬಗ್ಗೆ ಮೌನವಾಗಿಯೇ ಉಳಿಯಿತು.

ಪ್ರೋಗ್ರಾಮಿಂಗ್ ಭಾಷೆಗಳು ಎರಡು ದಾರಿ ಹಿಡಿದವು. 2003ರ ಪೈಥಾನ್ 2.3ರಲ್ಲಿ ಬಂದ ಸಿಎಸ್‌ವಿ ಮಾಡ್ಯೂಲ್ ರೂಢಿಯಂತೆ ಎಲ್ಲವನ್ನೂ ಸ್ಟ್ರಿಂಗ್ ಆಗಿಯೇ ಕೊಡುತ್ತದೆ. 2008ರಲ್ಲಿ ವೆಸ್ ಮೆಕಿನ್ನಿ ಶುರುಮಾಡಿದ ಪಾಂಡಾಸ್ ಪ್ರತಿ ಕಾಲಂನ ಟೈಪನ್ನು ಊಹಿಸುತ್ತದೆ. ಒಂದು ಪಿನ್‌ಕೋಡ್ ಖಾಲಿಯಿದ್ದರೆ ಸಾಕು, ಉಳಿದವೆಲ್ಲ 560078.0ದಂಥ ದಶಮಾಂಶ ಸಂಖ್ಯೆಗಳಾಗುತ್ತವೆ. ಖಾಲಿ ಜಾಗವನ್ನು ಸಹಿಸುವ ಪೂರ್ಣಾಂಕ ಟೈಪ್ ಸಿಕ್ಕಿದ್ದು 2019ರಲ್ಲಿ. ಇನಿಷಿಯಲ್ ಕಾಲಂನಲ್ಲಿ ಇಂಗ್ಲಿಷಿನ ಎನ್‌ಎ ಇದ್ದರಂತೂ ಅದನ್ನು ‘ಮಾಹಿತಿ ಇಲ್ಲ’ ಎಂದೇ ತಿಳಿಯುತ್ತದೆ. ಆರ್ ಭಾಷೆ 2020ರ 4.0 ಆವೃತ್ತಿಯವರೆಗೂ ಪಠ್ಯದ ಕಾಲಂಗಳನ್ನು ಕೇಳದೆಯೇ ಫ್ಯಾಕ್ಟರ್ (ವರ್ಗಗಳನ್ನು ಸೂಚಿಸುವ ಟೈಪ್) ಮಾಡುತ್ತಿತ್ತು. ಅದೇ ಭಾಷೆಯ 2015ರ ರೀಡರ್ ಪ್ಯಾಕೇಜ್ ಸಾಮಾನ್ಯವಾಗಿ ಸಾವಿರ ಸಾಲು ನೋಡಿ ಊಹಿಸುತ್ತದೆ. ನೋಡದ ಸಾಲಿನಲ್ಲಿ ಅಕ್ಷರವೊಂದು ಬಂದರೆ ಊಹೆ ಕೈಕೊಡುತ್ತದೆ.

ಹೀಗಾಗಿ ಊಹಿಸುವ ಲೈಬ್ರರಿಗಳಲ್ಲೂ ನಮ್ಮ ಮಾತು ನಡೆಯುವಂತೆ ಆಯ್ಕೆಗಳು ಬೆಳೆದವು. ಪಾಂಡಾಸ್‌ನಲ್ಲಿ ಡಿಟೈಪ್, ಕನ್ವರ್ಟರ್ಸ್, ಆರ್‌ನಲ್ಲಿ ಕೋಲ್‌ಕ್ಲಾಸಸ್. ಡಾಟ್‌ನೆಟ್‌ನ ಸಿಎಸ್‌ವಿಹೆಲ್ಪರ್ ಇನ್ನೂ ಸೂಕ್ಷ್ಮ: ದಿನಾಂಕದ ರೂಪ ಯಾವುದು, ಯಾವ ಪದ ‘ಹೌದು’, ಯಾವುದು ‘ಖಾಲಿ’ ಎಂದು ಒಂದೊಂದು ಕಾಲಂಗೂ ಹೇಳಬಹುದು. 05/06ನ್ನು ನಾವು ಜೂನ್ 5 ಎನ್ನುತ್ತೇವೆ, ಅಮೆರಿಕದವರು ಮೇ 6 ಎನ್ನುತ್ತಾರೆ. ಈ ಭೇದವನ್ನು ಕೋಡ್‌ಗೆ ಹೇಳಿಕೊಡಲೇಬೇಕು. ಡಿಸೆಂಬರ್ 2015ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಟೈಪ್‌ಗಳ ವಿವರ ಪ್ರತ್ಯೇಕ ಫೈಲಿನಲ್ಲಿ ಸಿಎಸ್‌ವಿಯ ಜೊತೆಗೇ ಸಾಗಲಿ ಎಂದಿತು.

ಕನ್ನಡದ ಅಂಕೆ ಬಂದರೆ ಭಾಷೆಗಳು ಈಗಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ‘೫೬೦೦೭೮’ ಎಂಬ ಸ್ಟ್ರಿಂಗನ್ನು ಪೈಥಾನ್‌ನ ಇಂಟ್ ಸಲೀಸಾಗಿ ಸಂಖ್ಯೆ ಮಾಡುತ್ತದೆ. ಡಾಟ್‌ನೆಟ್‌ನ ಇಂಟ್ ಪಾರ್ಸ್ ಒಪ್ಪುವುದಿಲ್ಲ. ಅಲ್ಲಿ ಸ್ವಂತ ಕನ್ವರ್ಟರ್ ಬರೆಯಬೇಕು.

ಈ ದಾರಿ ಕಲಿಸುವುದಿಷ್ಟು: ಊಹೆ ಫೈಲಿನ ಮೊದಲ ಪರಿಚಯಕ್ಕೆ ಸರಿ, ದಿನನಿತ್ಯ ಓಡುವ ಕೋಡ್‌ಗಲ್ಲ. ಕೂಡುವುದಕ್ಕೂ ಸರಾಸರಿಗೂ ಅರ್ಥವಿಲ್ಲದ ಪಿನ್‌ಕೋಡ್, ಫೋನ್, ಖಾತೆ ಸಂಖ್ಯೆಗಳು ಸ್ಟ್ರಿಂಗ್ ಆಗಿಯೇ ಇರಲಿ. ಫೀಸು, ದಿನಾಂಕಗಳಿಗೆ ರೂಪ ನಿಗದಿಯಾಗಲಿ. ಹೊಂದದ ಮೌಲ್ಯ ಬಂದರೆ ಕೋಡ್ ಅದನ್ನು ಸುಮ್ಮನೆ ಖಾಲಿ ಮಾಡದೆ, ಸಾಲಿನ ಸಂಖ್ಯೆ ಸಮೇತ ದೂರು ಹೇಳಲಿ.