ರೋಡ್ ಐಲ್ಯಾಂಡ್: ಕೊಲ್ಲಿಯ ಸುತ್ತ ಕಟ್ಟಿದ ರಾಜ್ಯ

ಅಮೆರಿಕದ ಐವತ್ತು ರಾಜ್ಯಗಳಲ್ಲಿ ವಿಸ್ತೀರ್ಣದ ಲೆಕ್ಕದಲ್ಲಿ ಎಲ್ಲಕ್ಕಿಂತ ಚಿಕ್ಕದು ರೋಡ್ ಐಲ್ಯಾಂಡ್. ದೇಶದ ಈಶಾನ್ಯದಲ್ಲಿರುವ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಈ ರಾಜ್ಯಕ್ಕೆ ಪಶ್ಚಿಮದಲ್ಲಿ ಕನೆಟಿಕಟ್, ಉತ್ತರ ಮತ್ತು ಪೂರ್ವದಲ್ಲಿ ಮ್ಯಾಸಚೂಸೆಟ್ಸ್, ದಕ್ಷಿಣದಲ್ಲಿ ಅಟ್ಲಾಂಟಿಕ್ ಸಾಗರ ಎಲ್ಲೆಗಳಾಗಿವೆ. ಉತ್ತರದಿಂದ ದಕ್ಷಿಣಕ್ಕೆ ಇದರ ಉದ್ದ ಸುಮಾರು 77 ಕಿ.ಮೀ., ಪೂರ್ವದಿಂದ ಪಶ್ಚಿಮಕ್ಕೆ ಅಗಲ ಸುಮಾರು 60 ಕಿ.ಮೀ. ನೆಲದ ವಿಸ್ತೀರ್ಣ 2,700 ಚದರ ಕಿ.ಮೀ.ನಷ್ಟು ಮಾತ್ರ. ಅಲಾಸ್ಕಾ ರಾಜ್ಯದೊಳಗೆ ಇಂಥ ನಾನೂರಕ್ಕೂ ಹೆಚ್ಚು ರಾಜ್ಯಗಳು ಹಿಡಿಸುತ್ತವೆ. ಆದರೂ 2020ರ ಜನಗಣತಿಯಂತೆ ಇಲ್ಲಿ 10,97,379 ಜನರಿದ್ದಾರೆ. ಜನಸಾಂದ್ರತೆಯಲ್ಲಿ ನ್ಯೂಜೆರ್ಸಿಯ ನಂತರದ ಸ್ಥಾನ ಇದರದು.

ಆಡಳಿತಕ್ಕಾಗಿ ರಾಜ್ಯವನ್ನು 8 ನಗರಗಳು ಮತ್ತು 31 ಪಟ್ಟಣಗಳಾಗಿ ವಿಂಗಡಿಸಲಾಗಿದೆ. ಐದು ಕೌಂಟಿಗಳಿದ್ದರೂ ಅವುಗಳಿಗೆ ಸ್ವಂತ ಸರ್ಕಾರವಿಲ್ಲ. ಊರಿನ ಕೆಲಸವೆಲ್ಲ ಊರಿನ ಆಡಳಿತದಲ್ಲೇ ತೀರ್ಮಾನವಾಗುತ್ತದೆ.

‘ಸಾಗರ ರಾಜ್ಯ’ ಎಂಬ ಅಡ್ಡಹೆಸರು ರೋಡ್ ಐಲ್ಯಾಂಡಿಗೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿನ ಪ್ರತಿ ಮುಖ್ಯ ಊರೂ ನೀರಿನ ಯಾವುದೋ ಒಂದು ಗುಣವನ್ನು ನೆಚ್ಚಿಕೊಂಡು ಬೆಳೆದಿದೆ. ನದಿ ಧುಮುಕುವ ಕಡೆ ಗಿರಣಿ ಬಂತು, ಉಬ್ಬರ ಮುಟ್ಟುವ ಕಡೆ ರಾಜಧಾನಿಯಾಯಿತು, ಕೊಲ್ಲಿ ಕಡಲಿಗೆ ತೆರೆದುಕೊಳ್ಳುವ ಕಡೆ ಬಂದರು ಎದ್ದಿತು.

ಹಿಮನದಿ ಬಿಟ್ಟುಹೋದ ನೆಲ

ಕಳೆದ ಹಿಮಯುಗದಲ್ಲಿ ದಪ್ಪನೆಯ ಹಿಮದ ಹಾಸು ಈ ಇಡೀ ಪ್ರದೇಶವನ್ನು ಮುಚ್ಚಿತ್ತು. ಹಿಮ ಕರಗಿ ಸಮುದ್ರಮಟ್ಟ ಏರಿದಾಗ ಹಳೆಯ ನದಿಕಣಿವೆಗಳು ಉಪ್ಪುನೀರಿನಲ್ಲಿ ಮುಳುಗಿ ನ್ಯಾರಗ್ಯಾನ್ಸೆಟ್ ಕೊಲ್ಲಿ ರೂಪುಗೊಂಡಿತು. ಸುಮಾರು 380 ಚದರ ಕಿ.ಮೀ. ಹರವಿನ ಈ ಕೊಲ್ಲಿ ರಾಜ್ಯವನ್ನು ದಕ್ಷಿಣದಿಂದ ಸೀಳಿಕೊಂಡು ಪ್ರಾವಿಡೆನ್ಸ್ ನಗರದವರೆಗೂ ಒಳನುಗ್ಗಿದೆ. ಇದರಲ್ಲಿ ಮೂವತ್ತಕ್ಕೂ ಹೆಚ್ಚು ದ್ವೀಪಗಳಿವೆ. ಅಕ್ವಿಡ್ನೆಕ್ ಅವುಗಳಲ್ಲಿ ದೊಡ್ಡದು. ನ್ಯೂಪೋರ್ಟ್ ನಗರ ಇರುವುದು ಅದರ ದಕ್ಷಿಣ ತುದಿಯಲ್ಲಿ. ಕೊನಾನಿಕಟ್ ಮತ್ತು ಪ್ರೂಡೆನ್ಸ್ ಇನ್ನೆರಡು ಮುಖ್ಯ ದ್ವೀಪಗಳು.

ರಾಜ್ಯದಲ್ಲಿ ಬೆಟ್ಟಗಳಿಲ್ಲವೆಂದೇ ಹೇಳಬೇಕು. ಪಶ್ಚಿಮದಲ್ಲಿ ಫಾಸ್ಟರ್ ಪಟ್ಟಣದ ಜೆರಿಮತ್ ಗುಡ್ಡವೇ ಅತಿ ಎತ್ತರದ ಜಾಗ, ಎತ್ತರ 247 ಮೀಟರ್. ಪಶ್ಚಿಮ ಭಾಗದ ತುಂಬ ಕಾಡು, ಕೆರೆ, ಹಿಮನದಿ ಹೊತ್ತುತಂದ ಬಂಡೆಗಳು. ಹೊಲ ಹಸನು ಮಾಡಿದ ರೈತರು ಆ ಕಲ್ಲುಗಳನ್ನೇ ಪೇರಿಸಿ ಕಟ್ಟಿದ ಗೋಡೆಗಳು ಈಗ ಮರಳಿ ಬೆಳೆದ ಕಾಡಿನ ನಡುವೆಯೂ ಕಾಣಸಿಗುತ್ತವೆ. ದಕ್ಷಿಣ ಕರಾವಳಿಯುದ್ದಕ್ಕೂ ಮರಳುದಿಣ್ಣೆಗಳು, ಅವುಗಳ ಹಿಂದೆ ಉಪ್ಪುನೀರಿನ ಹಿನ್ನೀರುಗಳು ಇವೆ.

ಮೂಲನಿವಾಸಿಗಳು ಮತ್ತು ರೋಜರ್ ವಿಲಿಯಮ್ಸ್

ಯುರೋಪಿನವರು ಬರುವ ಮೊದಲೇ ನ್ಯಾರಗ್ಯಾನ್ಸೆಟ್ ಮತ್ತು ವಾಂಪನೋಗ್ ಜನ ಇಲ್ಲಿ ಮೀನು ಹಿಡಿಯುತ್ತ, ಮೆಕ್ಕೆಜೋಳ ಬೆಳೆಯುತ್ತ ಬದುಕಿದ್ದರು. ಕ್ವಾಹಾಗ್ ಎಂಬ ಗಟ್ಟಿ ಚಿಪ್ಪಿನ ನೇರಳೆ ಅಂಚನ್ನು ಕತ್ತರಿಸಿ, ಉಜ್ಜಿ, ತೂತು ಕೊರೆದು ಅವರು ಮಾಡುತ್ತಿದ್ದ ಮಣಿಗಳಿಗೆ ವಾಂಪಮ್ ಎಂದು ಹೆಸರು. ಒಪ್ಪಂದಗಳನ್ನು ಗಟ್ಟಿಮಾಡಿಕೊಳ್ಳಲು, ಗೌರವ ಸಲ್ಲಿಸಲು ಈ ಮಣಿಗಳ ಪಟ್ಟಿಗಳನ್ನು ಕೊಡುತ್ತಿದ್ದರು. 1524ರಲ್ಲಿ ಇಟಲಿಯ ನಾವಿಕ ವೆರಾಜಾನೊ ಈ ಕೊಲ್ಲಿಯನ್ನು ಹೊಕ್ಕಿದ್ದ.

1636ರಲ್ಲಿ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ಕೊಲ್ಲಿಯ ಮೇಲ್ತುದಿಯಲ್ಲಿ, ಸಿಹಿನೀರಿನ ಒಂದು ಊಟೆಯ ಬಳಿ, ಪ್ರಾವಿಡೆನ್ಸ್ ಎಂಬ ನೆಲೆಯನ್ನು ಕಟ್ಟಿದರು. ಜನರ ಧರ್ಮಶ್ರದ್ಧೆಯ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ, ಮೂಲನಿವಾಸಿಗಳ ನೆಲವನ್ನು ಇಂಗ್ಲೆಂಡಿನ ದೊರೆ ಯಾರಿಗೂ ದಾನ ಮಾಡಲಾರ ಎಂದು ವಾದಿಸಿದ್ದಕ್ಕೆ ಮ್ಯಾಸಚೂಸೆಟ್ಸ್ ಅವರನ್ನು ಗಡೀಪಾರು ಮಾಡಿತ್ತು. ನ್ಯಾರಗ್ಯಾನ್ಸೆಟ್ ಮುಖಂಡರಾದ ಕನಾನಿಕಸ್ ಮತ್ತು ಮಿಯಾಂಟೊನೊಮಿ ಅವರಿಗೆ ನೆಲೆ ಕೊಟ್ಟರು. 1663ರಲ್ಲಿ ದೊರೆ ಎರಡನೇ ಚಾರ್ಲ್ಸ್ ನೀಡಿದ ಸನ್ನದು ಈ ವಸಾಹತಿಗೆ ಧರ್ಮದ ಸ್ವಾತಂತ್ರ್ಯವನ್ನು ಬರಹದಲ್ಲೇ ಖಚಿತಪಡಿಸಿತು. ನೆರೆಯ ವಸಾಹತುಗಳು ಹೊರದೂಡಿದ ಕ್ವೇಕರರು, ಬ್ಯಾಪ್ಟಿಸ್ಟರು ಇಲ್ಲಿ ಆಸರೆ ಪಡೆದರು, ಯಹೂದಿಗಳೂ ಬಂದು ನೆಲೆಸಿದರು.

ಆಸರೆ ಕೊಟ್ಟವರಿಗೆ ಮಾತ್ರ ಆಸರೆ ಉಳಿಯಲಿಲ್ಲ. 1675ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್, ಪ್ಲಿಮತ್ ಮತ್ತು ಕನೆಟಿಕಟ್ ವಸಾಹತುಗಳ ಪಡೆಗಳು ಇಲ್ಲಿನ ಜೌಗುನೆಲದಲ್ಲಿದ್ದ ನ್ಯಾರಗ್ಯಾನ್ಸೆಟ್ ಕೋಟೆಗೆ ನುಗ್ಗಿ ಬೆಂಕಿ ಇಟ್ಟವು. ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಾರು ಜನ ಸತ್ತರು. ಮರುವರ್ಷ ಪ್ರಾವಿಡೆನ್ಸ್ ಕೂಡ ಸುಟ್ಟುಹೋಯಿತು. ನ್ಯಾರಗ್ಯಾನ್ಸೆಟ್ ಸಮುದಾಯ ಇಂದಿಗೂ ಚಾರ್ಲ್ಸ್‌ಟೌನ್ ಸುತ್ತ ಬದುಕಿದೆ. ಕೇಂದ್ರ ಸರ್ಕಾರದ ಮಾನ್ಯತೆಗಾಗಿ ಅದು 1983ರವರೆಗೆ ಕಾಯಬೇಕಾಯಿತು.

ಪ್ರಾವಿಡೆನ್ಸ್: ಉಬ್ಬರ ಮುಟ್ಟುವ ರಾಜಧಾನಿ

ರಾಜ್ಯದ ಅತಿ ದೊಡ್ಡ ನಗರ ಪ್ರಾವಿಡೆನ್ಸ್. 2020ರಲ್ಲಿ ಇದರ ಜನಸಂಖ್ಯೆ 1,90,934. ಅಮೃತಶಿಲೆಯ ದೊಡ್ಡ ಗುಮ್ಮಟವುಳ್ಳ ಶಾಸನಭವನ ಊರಿನ ಬಹುಭಾಗಕ್ಕೆ ಕಾಣುತ್ತದೆ. ಮೆಕಿಮ್, ಮೀಡ್ ಅಂಡ್ ವೈಟ್ ಸಂಸ್ಥೆಯ ವಾಸ್ತುಶಿಲ್ಪಿಗಳು ರೂಪಿಸಿದ ಈ ಕಟ್ಟಡದ ಕೆಲಸ 1895ರಲ್ಲಿ ಶುರುವಾಗಿ 1904ರಲ್ಲಿ ಮುಗಿಯಿತು. ನದಿಯಾಚೆಯ ಕಾಲೇಜ್ ಹಿಲ್ ಮೇಲೆ 1764ರಲ್ಲಿ ಸ್ಥಾಪನೆಯಾದ ಬ್ರೌನ್ ವಿಶ್ವವಿದ್ಯಾಲಯ ಮತ್ತು 1877ರ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್ ಅಕ್ಕಪಕ್ಕದಲ್ಲಿವೆ. ಗುಡ್ಡದ ಬುಡದಲ್ಲಿ 1775ರ ಬ್ಯಾಪ್ಟಿಸ್ಟ್ ಚರ್ಚ್ ಇದೆ. ಅದರ ಸಭೆ 1638ರಷ್ಟು ಹಿಂದಿನದು, ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಮೊದಲನೆಯದು.

ವೂನಾಸ್ಕ್ವಾಟಕೆಟ್ ಮತ್ತು ಮೊಷಾಸಕ್ ಎಂಬ ಎರಡು ಚಿಕ್ಕ ನದಿಗಳು ನಗರದ ನಡುವೆ ಕೂಡಿ ಪ್ರಾವಿಡೆನ್ಸ್ ನದಿಯಾಗುತ್ತವೆ. ರಸ್ತೆ ಮತ್ತು ವಾಹನ ನಿಲುಗಡೆಗಾಗಿ ಇವುಗಳ ಮೇಲೆ ಹಲವು ದಶಕಗಳ ಕಾಲ ಕಾಂಕ್ರೀಟು ಹಾಸಲಾಗಿತ್ತು. 1980 ಮತ್ತು 90ರ ದಶಕಗಳಲ್ಲಿ ಆ ಹಾಸನ್ನು ಕಿತ್ತು, ನದಿಗಳ ಪಾತ್ರವನ್ನೇ ಬದಲಿಸಿ, ದಡದಲ್ಲಿ ನಡೆದಾಡುವ ಹಾದಿ ಮತ್ತು ಸೇತುವೆಗಳನ್ನು ಕಟ್ಟಿದರು. ತೆರೆದ ನದಿಯಲ್ಲಿ ಕಲಾವಿದ ಬಾರ್ನಬಿ ಇವಾನ್ಸ್ 1994ರಲ್ಲಿ ‘ವಾಟರ್‌ಫೈರ್’ ಆರಂಭಿಸಿದರು. ನಿಗದಿತ ಸಂಜೆಗಳಲ್ಲಿ ನೀರಿನ ಮೇಲೆ ಸಾಲಾಗಿ ನಿಂತ ಕಬ್ಬಿಣದ ಅಗ್ಗಿಷ್ಟಿಕೆಗಳಿಗೆ ಬೆಂಕಿ ಕೊಡುತ್ತಾರೆ. ಕಪ್ಪು ಬಟ್ಟೆ ತೊಟ್ಟ ಸ್ವಯಂಸೇವಕರು ಸದ್ದಿಲ್ಲದ ದೋಣಿಗಳಲ್ಲಿ ಬಂದು ಒಂದೊಂದಕ್ಕೂ ಸೌದೆ ಒಟ್ಟುತ್ತ ಹೋಗುತ್ತಾರೆ. ಮುಚ್ಚಿಟ್ಟ ನದಿಯನ್ನು ಊರಿಗೆ ಮರಳಿ ಕೊಡಬಹುದು ಎಂಬುದಕ್ಕೆ ಪ್ರಾವಿಡೆನ್ಸ್ ಒಳ್ಳೆಯ ಉದಾಹರಣೆ.

ನಗರದ ಫೆಡರಲ್ ಹಿಲ್ ಬಡಾವಣೆ ಇಟಲಿಯಿಂದ ವಲಸೆ ಬಂದವರ ಕೇರಿಯಾಗಿ ಬೆಳೆಯಿತು. ಪೋರ್ಚುಗಲ್ ಮತ್ತು ಕೇಪ್ ವರ್ಡೆಯಿಂದ ಬಂದವರೂ ರಾಜ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಪ್ರಾವಿಡೆನ್ಸಿಗೆ ಹತ್ತಿರದ ಕ್ರ್ಯಾನ್‌ಸ್ಟನ್ ಮತ್ತು ವಾರಿಕ್ ನಂತರದ ದೊಡ್ಡ ನಗರಗಳು. ರಾಜ್ಯದ ಮುಖ್ಯ ವಿಮಾನ ನಿಲ್ದಾಣ ವಾರಿಕ್‌ನಲ್ಲಿದೆ.

ಪಟಕೆಟ್: ಜಲಪಾತದ ಗಿರಣಿ

ಪ್ರಾವಿಡೆನ್ಸಿನ ಉತ್ತರಕ್ಕೆ ಬ್ಲ್ಯಾಕ್‌ಸ್ಟೋನ್ ನದಿ ಬಂಡೆಗಳ ಮೇಲಿಂದ ಧುಮುಕಿ ಉಬ್ಬರದ ನೀರಿಗೆ ಸೇರುವ ಜಾಗವೇ ಪಟಕೆಟ್. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ನೂಲಿನ ಗಿರಣಿಯ ಕೆಲಸ ಕಲಿತಿದ್ದ ಸ್ಯಾಮ್ಯುಯೆಲ್ ಸ್ಲೇಟರ್, ಆರ್ಕ್‌ರೈಟ್ ಯಂತ್ರಗಳ ರಚನೆಯನ್ನು ನೆನಪಿನಲ್ಲಿಟ್ಟುಕೊಂಡೇ ಅಮೆರಿಕಕ್ಕೆ ಬಂದರು. ಅಂಥ ಕುಶಲಕರ್ಮಿಗಳು ದೇಶ ಬಿಡುವುದನ್ನು ಆಗ ಇಂಗ್ಲೆಂಡಿನ ಕಾನೂನು ತಡೆಯುತ್ತಿತ್ತು. ಪ್ರಾವಿಡೆನ್ಸಿನ ವ್ಯಾಪಾರಿ ಮೋಸಸ್ ಬ್ರೌನ್ ಹಣ ಹೂಡಿದರು. 1790ರ ಡಿಸೆಂಬರಿನಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರಗಳು ತಿರುಗಿದವು. 1793ರಲ್ಲಿ ಕಟ್ಟಿದ ಮರದ ಗಿರಣಿ ಇಂದೂ ನದಿಯ ದಡದಲ್ಲಿದೆ. ಅಮೆರಿಕದ ಕೈಗಾರಿಕಾ ಕ್ರಾಂತಿಯ ತೊಟ್ಟಿಲು ಎಂದು ಅದನ್ನು ಕರೆಯುತ್ತಾರೆ.

ಸ್ಲೇಟರ್ ಗಿರಣಿಯ ಮೊದಲ ಕೆಲಸಗಾರರು ಏಳರಿಂದ ಹನ್ನೆರಡು ವರ್ಷದ ಮಕ್ಕಳು. ಇದೇ ಪಟಕೆಟ್‌ನಲ್ಲಿ 1824ರಲ್ಲಿ, ಕೂಲಿ ಕಡಿತ ಮತ್ತು ದುಡಿಮೆಯ ಅವಧಿಯ ಹೆಚ್ಚಳವನ್ನು ವಿರೋಧಿಸಿ, ನೇಯ್ಗೆಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಹೊರನಡೆದರು. ಅಮೆರಿಕದ ಕಾರ್ಖಾನೆ ಮುಷ್ಕರಗಳಲ್ಲಿ ಅದು ಮೊಟ್ಟಮೊದಲನೆಯದು. ಮೇಲ್ದಂಡೆಯ ವೂನ್‌ಸಾಕೆಟ್ ನಗರಕ್ಕೆ ಕೆನಡಾದ ಫ್ರೆಂಚ್ ಭಾಷಿಕರು ಗಿರಣಿ ಕೆಲಸ ಹುಡುಕಿಕೊಂಡು ಬಂದರು. ಈ ಕಣಿವೆಯ ಹಳೆಯ ಗಿರಣಿಗಳನ್ನು, ಗಿರಣಿ ಊರುಗಳನ್ನು ಒಳಗೊಂಡ ರಾಷ್ಟ್ರೀಯ ಐತಿಹಾಸಿಕ ಉದ್ಯಾನ 2014ರಲ್ಲಿ ಸ್ಥಾಪನೆಯಾಯಿತು.

ನ್ಯೂಪೋರ್ಟ್: ಬಂದರು, ಗುಲಾಮಿ ವ್ಯಾಪಾರ, ಮಹಲುಗಳು

ಕೊಲ್ಲಿಯ ಬಾಯಲ್ಲಿರುವ ನ್ಯೂಪೋರ್ಟ್ ವಸಾಹತು ಕಾಲದ ದೊಡ್ಡ ಬಂದರುಗಳಲ್ಲಿ ಒಂದು. ಇಲ್ಲಿನ ಟೂರೋ ಸಿನಗಾಗ್ ಅಮೆರಿಕದಲ್ಲಿ ಉಳಿದಿರುವ ಅತಿ ಹಳೆಯ ಯಹೂದಿ ಪ್ರಾರ್ಥನಾ ಮಂದಿರ. 1763ರಲ್ಲಿ ಅದರ ಪ್ರತಿಷ್ಠಾಪನೆಯಾಯಿತು. 1790ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ಸಭೆಗೆ ಪತ್ರ ಬರೆದು, ಹೊಸ ಸರ್ಕಾರ ಮತಾಂಧತೆಗೆ ಸಮ್ಮತಿ ಕೊಡುವುದಿಲ್ಲ ಎಂದು ಭರವಸೆಯಿತ್ತರು.

ಆದರೆ ಅದೇ ಬಂದರಿನಿಂದ ರಮ್ ಪೀಪಾಯಿಗಳನ್ನು ತುಂಬಿದ ಹಡಗುಗಳು ಪಶ್ಚಿಮ ಆಫ್ರಿಕಕ್ಕೆ ಹೊರಡುತ್ತಿದ್ದವು. ರಮ್ ಕೊಟ್ಟು ಮನುಷ್ಯರನ್ನು ಕೊಂಡು, ಕೆರಿಬಿಯನ್ ದ್ವೀಪಗಳಲ್ಲಿ ಮಾರಿ, ಅಲ್ಲಿಂದ ಕಾಕಂಬಿ ತಂದು, ನ್ಯೂಪೋರ್ಟಿನ ಭಟ್ಟಿಗಳಲ್ಲಿ ಮತ್ತೆ ರಮ್ ಇಳಿಸುತ್ತಿದ್ದರು. ಉತ್ತರ ಅಮೆರಿಕದಿಂದ ಹೊರಟ ಗುಲಾಮಿ ಹಡಗುಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಚಿಕ್ಕ ರಾಜ್ಯದವು. ಬ್ರಿಸ್ಟಲ್ ಬಂದರಿನ ಡಿವುಲ್ಫ್ ಕುಟುಂಬ ಈ ವ್ಯಾಪಾರದಲ್ಲಿ ಅಪಾರ ಸಂಪತ್ತು ಗಳಿಸಿತು. ಗಿರಣಿಗೆ ಹಣ ಹೂಡಿದ ಮೋಸಸ್ ಬ್ರೌನ್ ಕ್ವೇಕರರಾಗಿ ಗುಲಾಮಗಿರಿಯ ವಿರುದ್ಧ ಹೋರಾಡಿದರೆ, ಅವರ ಅಣ್ಣ ಜಾನ್ ಬ್ರೌನ್ ಅದರ ಪರ ವಾದಿಸಿ ಹಡಗು ಕಳಿಸಿದರು. ಅಣ್ಣತಮ್ಮಂದಿರ ಮನೆತನದ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯ, ಗುಲಾಮಿ ವ್ಯಾಪಾರದೊಂದಿಗಿನ ತನ್ನ ನಂಟನ್ನು ತಾನೇ ತನಿಖೆ ಮಾಡಿ 2006ರಲ್ಲಿ ವರದಿ ಪ್ರಕಟಿಸಿತು. ರಾಜ್ಯದ ಅಧಿಕೃತ ಹೆಸರಿನ ಬಾಲವಾಗಿದ್ದ ‘ಪ್ರಾವಿಡೆನ್ಸ್ ಪ್ಲಾಂಟೇಶನ್ಸ್’ ಎಂಬ ಭಾಗವನ್ನು, ಅದು ಗುಲಾಮಗಿರಿಯ ತೋಟಗಳನ್ನು ನೆನಪಿಸುವುದರಿಂದ, 2020ರಲ್ಲಿ ಮತದಾರರು ತೆಗೆದುಹಾಕಿದರು. ಧರ್ಮಸ್ವಾತಂತ್ರ್ಯದ ಕಥೆಯಷ್ಟೇ ಮುಖ್ಯವಾಗಿ ಈ ಕಥೆಯನ್ನೂ ಹೇಳಿದಾಗಲೇ ರೋಡ್ ಐಲ್ಯಾಂಡಿನ ಚರಿತ್ರೆ ಪೂರ್ತಿಯಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಕೋಟ್ಯಧಿಪತಿಗಳು ಬೇಸಿಗೆ ಕಳೆಯಲು ನ್ಯೂಪೋರ್ಟಿಗೆ ಬಂದು ಮಹಲುಗಳನ್ನು ಕಟ್ಟಿಸಿದರು. ರೈಲು ಕಂಪನಿಗಳ ಒಡೆಯ ಎರಡನೇ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಅವರ ‘ದಿ ಬ್ರೇಕರ್ಸ್’ ಅವುಗಳಲ್ಲಿ ಹೆಸರಾದದ್ದು. ಹಿಂದಿನ ಮನೆ 1892ರಲ್ಲಿ ಸುಟ್ಟುಹೋದ ಕಾರಣ, ವಾಸ್ತುಶಿಲ್ಪಿ ರಿಚರ್ಡ್ ಮಾರಿಸ್ ಹಂಟ್ 1895ರಲ್ಲಿ ಮುಗಿದ ಈ 70 ಕೋಣೆಗಳ ಮಹಲನ್ನು ಕಲ್ಲು, ಇಟ್ಟಿಗೆ, ಉಕ್ಕಿನಲ್ಲಿ ಕಟ್ಟಿಸಿದರು. ಬೆಂಕಿಯ ಭಯಕ್ಕೆ ಬಾಯ್ಲರನ್ನೂ ಮನೆಯಿಂದ ದೂರ ನೆಲದಡಿಯಲ್ಲಿಟ್ಟು ಸುರಂಗದ ಮೂಲಕ ಶಾಖ ತರಿಸಿದರು. ಸ್ನಾನದ ತೊಟ್ಟಿಯ ನಲ್ಲಿಗಳಲ್ಲಿ ಸಿಹಿನೀರಷ್ಟೇ ಅಲ್ಲದೆ ಸಮುದ್ರದ ಉಪ್ಪುನೀರೂ ಬರುತ್ತಿತ್ತು. ಈ ಮಹಲುಗಳ ಹಿತ್ತಲಿಗೂ ಸಮುದ್ರಕ್ಕೂ ನಡುವೆ ಬಂಡೆಗಳ ಅಂಚಿನಲ್ಲಿ 5.6 ಕಿ.ಮೀ. ಉದ್ದದ ‘ಕ್ಲಿಫ್ ವಾಕ್’ ಹಾದುಹೋಗುತ್ತದೆ. ಅದರಲ್ಲಿ ಯಾರು ಬೇಕಾದರೂ ನಡೆಯಬಹುದು.

1930ರಿಂದ 1983ರವರೆಗೆ ಹಾಯಿದೋಣಿಗಳ ಅಮೆರಿಕಾಸ್ ಕಪ್ ಪಂದ್ಯಗಳು ನ್ಯೂಪೋರ್ಟ್ ಬಳಿಯ ಕಡಲಿನಲ್ಲಿ ನಡೆದವು. 1954ರಲ್ಲಿ ಜಾಝ್ ಉತ್ಸವ, 1959ರಲ್ಲಿ ಜಾನಪದ ಸಂಗೀತೋತ್ಸವ ಇಲ್ಲಿ ಶುರುವಾದವು. 1969ರಲ್ಲಿ ತೆರೆದ ಪೆಲ್ ತೂಗುಸೇತುವೆ ನ್ಯೂಪೋರ್ಟನ್ನು ಪಕ್ಕದ ಕೊನಾನಿಕಟ್ ದ್ವೀಪಕ್ಕೆ ಜೋಡಿಸುತ್ತದೆ.

ಭಾರತದೊಂದಿಗೆ ನಂಟು

ಟೆನಿಸ್ ಪ್ರಿಯರಿಗೆ ನ್ಯೂಪೋರ್ಟ್ ಹೊಸ ಹೆಸರಲ್ಲ. ಅಮೆರಿಕದ ರಾಷ್ಟ್ರೀಯ ಟೆನಿಸ್ ಚಾಂಪಿಯನ್‌ಶಿಪ್ 1881ರಲ್ಲಿ ಮೊದಲು ನಡೆದದ್ದು ಇಲ್ಲಿನ ಹುಲ್ಲಿನ ಅಂಗಳದಲ್ಲಿ. ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಇರುವುದೂ ಅಲ್ಲೇ. ವಿಜಯ್ ಅಮೃತರಾಜ್ ಈ ಅಂಗಳದಲ್ಲಿ ಪ್ರಶಸ್ತಿ ಗೆದ್ದಿದ್ದರು. ಲಿಯಾಂಡರ್ ಪೇಸ್ ತಮ್ಮ ಏಕೈಕ ಎಟಿಪಿ ಸಿಂಗಲ್ಸ್ ಪ್ರಶಸ್ತಿಯನ್ನು 1998ರಲ್ಲಿ ಇಲ್ಲೇ ಪಡೆದರು. 2024ರಲ್ಲಿ ಇಬ್ಬರೂ ಒಟ್ಟಿಗೆ ಹಾಲ್ ಆಫ್ ಫೇಮ್ ಸೇರಿದರು. ಪುಲಿಟ್ಜರ್ ಪಡೆದ ಲೇಖಕಿ ಝುಂಪಾ ಲಾಹಿರಿ ಬೆಳೆದದ್ದು ಈ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ. ಅವರ ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿದ್ದರು. ನಮ್ಮ ಕೋಳಿ ಸಾಕಣೆದಾರರು ಬಲ್ಲ ‘ರೋಡ್ ಐಲ್ಯಾಂಡ್ ರೆಡ್’ ತಳಿ ರೂಪುಗೊಂಡದ್ದು ಲಿಟ್ಲ್ ಕಾಂಪ್ಟನ್ ಸುತ್ತಿನ ಹೊಲಮನೆಗಳಲ್ಲಿ. 1954ರಿಂದ ಅದೇ ರಾಜ್ಯಪಕ್ಷಿ.

ಬ್ಲಾಕ್ ಐಲ್ಯಾಂಡ್

ದಕ್ಷಿಣ ಕರಾವಳಿಯಿಂದ ಸುಮಾರು 14 ಕಿ.ಮೀ. ದೂರದ ಸಮುದ್ರದಲ್ಲಿರುವ ಈ ದ್ವೀಪ ಹಿಮನದಿ ರಾಶಿ ಹಾಕಿದ ಮಣ್ಣು ಮತ್ತು ಕಲ್ಲಿನ ದಿಬ್ಬ. ಪಾಯಿಂಟ್ ಜುಡಿತ್‌ನಿಂದ ಫೆರಿ ಹತ್ತಿ ಇಲ್ಲಿಗೆ ಹೋಗಬಹುದು. ದಕ್ಷಿಣ ಅಂಚಿನ ಮೊಹೀಗನ್ ಬ್ಲಫ್ಸ್ ಎಂಬ ಕಡಿದಾದ ಮಣ್ಣಿನ ಗೋಡೆಯನ್ನು ಅಲೆಗಳು ಸದಾ ಕೊರೆಯುತ್ತಿವೆ. ಅದರ ತುದಿಯಲ್ಲಿದ್ದ ಇಟ್ಟಿಗೆಯ ದೀಪಸ್ತಂಭ ಕಡಲ್ಕೊರೆತಕ್ಕೆ ಬಲಿಯಾಗದಿರಲೆಂದು 1993ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಒಳನಾಡಿನತ್ತ ಸರಿಸಿದರು. ಇದೇ ದ್ವೀಪದ ಬಳಿ 2016ರ ಡಿಸೆಂಬರಿನಲ್ಲಿ ಅಮೆರಿಕದ ಮೊದಲ ವಾಣಿಜ್ಯ ಕಡಲ ಪವನ ವಿದ್ಯುತ್ ಘಟಕ ಕೆಲಸ ಆರಂಭಿಸಿತು: ಐದು ಗಾಳಿಯಂತ್ರ, 30 ಮೆಗಾವಾಟ್ ಸಾಮರ್ಥ್ಯ.

ದಡದ ಹಕ್ಕು ಮತ್ತು ಏರುವ ಕಡಲು

1938ರ ಸೆಪ್ಟೆಂಬರ್ 21ರ ಚಂಡಮಾರುತ ಕೊಲ್ಲಿಯ ನೀರನ್ನು ಪ್ರಾವಿಡೆನ್ಸಿಗೆ ನುಗ್ಗಿಸಿ ನಡುಪೇಟೆಯನ್ನು ಮುಳುಗಿಸಿತು. 1954ರ ಕ್ಯಾರಲ್ ಚಂಡಮಾರುತದಲ್ಲಿ ಅದೇ ಮರುಕಳಿಸಿತು. ಆಮೇಲೆ ನದಿಗೆ ಅಡ್ಡಲಾಗಿ ಫಾಕ್ಸ್ ಪಾಯಿಂಟ್‌ನಲ್ಲಿ ಕಟ್ಟಿದ ತಡೆಗೋಡೆ 1966ರಲ್ಲಿ ಪೂರ್ಣವಾಯಿತು. ಬಿರುಗಾಳಿ ಬಂದಾಗ ಅದರ ದೊಡ್ಡ ಬಾಗಿಲುಗಳನ್ನು ಇಳಿಸಿ ಕಡಲನ್ನು ತಡೆಯುತ್ತಾರೆ, ಪಂಪುಗಳಿಂದ ನದಿಯ ನೀರನ್ನು ಆಚೆ ಹಾಕುತ್ತಾರೆ. ಕೊಲ್ಲಿಯ ಉಳಿದ ದಡಕ್ಕೆ ಇಂಥ ಬಾಗಿಲುಗಳಿಲ್ಲ. ನ್ಯೂಪೋರ್ಟಿನ ಮಾಪಕದ ಪ್ರಕಾರ 1930ರಿಂದ ಈಚೆಗೆ ಸಮುದ್ರಮಟ್ಟ ಸುಮಾರು 25 ಸೆಂ.ಮೀ. ಏರಿದೆ. 2022ರ ಮಾರ್ಚಿನಲ್ಲಿ ಕ್ಲಿಫ್ ವಾಕ್‌ನ ಒಂದು ಭಾಗ ಕುಸಿದು ಕಡಲಿಗೆ ಬಿತ್ತು.

ಇಲ್ಲಿನ ಜನರಿಗೆ ದಡವೆಂದರೆ ನೋಡಿ ಬರುವ ಜಾಗವಷ್ಟೇ ಅಲ್ಲ. ಇಳಿತದ ಹೊತ್ತಿಗೆ ಉದ್ದ ಹಲ್ಲಿನ ಕುಂಟೆ ಹಿಡಿದು, ನೀರಿನಲ್ಲಿ ನಿಂತು, ಮರಳು ಕೆದಕಿ ಕ್ವಾಹಾಗ್ ಚಿಪ್ಪುಮೀನು ಆರಿಸುವ ರೂಢಿ ಇಂದೂ ಇದೆ. ಮೀನು ಹಿಡಿಯಲು, ಕಡಲಪಾಚಿ ಆಯಲು, ಈಜಲು, ದಡದಗುಂಟ ನಡೆಯಲು ಜನರಿಗಿರುವ ಹಕ್ಕನ್ನು ರಾಜ್ಯದ ಸಂವಿಧಾನವೇ ಕಾಯುತ್ತದೆ. ಆ ಹಕ್ಕು ಎಲ್ಲಿಯವರೆಗೆ ಎಂಬ ತಕರಾರು ದಡದ ಆಸ್ತಿವಂತರಿಗೂ ಸಾರ್ವಜನಿಕರಿಗೂ ನಡುವೆ ಬಹುಕಾಲದಿಂದ ಇದೆ. 2023ರ ಕಾನೂನು ಅದಕ್ಕೆ ಕೊಟ್ಟ ಉತ್ತರ ಇದು: ಉಬ್ಬರದ ನೀರು ಬಿಟ್ಟುಹೋಗುವ ಗುರುತಿನಿಂದ ನೆಲದ ಕಡೆಗೆ ಹತ್ತು ಅಡಿಯವರೆಗೆ ಸಾರ್ವಜನಿಕರು ಓಡಾಡಬಹುದು. ಕಡಲು ಏರಿದಂತೆ ಆ ಗುರುತೂ ಒಳಕ್ಕೆ ಸರಿಯುತ್ತದೆ, ಜನರ ಹಕ್ಕೂ ಅದರ ಜೊತೆಗೇ ಸರಿಯುತ್ತದೆ. ದಡದ ಮನೆಗಳ ಬೇಲಿ ಮತ್ತು ಕಲ್ಲುಗೋಡೆಗಳು ಆಗ ಈ ಹಕ್ಕಿಗೆ ಎದುರಾಗುತ್ತವೆ. ಏನನ್ನು ಉಳಿಸಬೇಕು, ಯಾವುದನ್ನು ಸರಿಸಬೇಕು, ಅದರ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಇಷ್ಟು ಚಿಕ್ಕ ರಾಜ್ಯ ಮುಂದೂಡುತ್ತ ಕೂರುವಂತಿಲ್ಲ. ಅದಕ್ಕೆ ಹಿಂದೆ ಸರಿಯಲು ಹೆಚ್ಚು ನೆಲವಿಲ್ಲ.